ಪ್ರಕೃತಿಯ ಫೋಟೋ ತೆಗೆಯುವಾಗ ಕ್ಯಾಮೆರಾ ಅಲ್ಲಾಡಿಸಬಹುದಾ?

ಪರ: ಅಲ್ಲಾಡಲಿ ಬಿಡಿ

ಜುಲೈ ತಿಂಗಳ ಒಂದು ಭಾನುವಾರ ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಕಣ್ಣಿಗೆ ಕಾಡೆಲ್ಲ ಹಸಿರು, ಫೋಟೋದಲ್ಲಿ ಮಾತ್ರ ಬರೀ ಗೋಜಲು. ಬಳ್ಳಿ, ಕೊಂಬೆ, ಒಣಗಿದ ಕಡ್ಡಿ, ಯಾವುದನ್ನು ನೋಡಬೇಕೋ ತಿಳಿಯುತ್ತಿರಲಿಲ್ಲ. ಶಟರ್ ವೇಗವನ್ನು ಅರ್ಧ ಸೆಕೆಂಡಿಗೆ ಇಳಿಸಿದೆ, ಅಂದರೆ ಕ್ಯಾಮೆರಾ ಅಷ್ಟು ಹೊತ್ತು ಬೆಳಕು ಒಳಗೆ ಬಿಡುತ್ತದೆ. ಬೆಳಕು ಜಾಸ್ತಿ ಆಗದಿರಲಿ ಅಂತ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 16. ಬಟನ್ ಒತ್ತುತ್ತಲೇ ಕ್ಯಾಮೆರಾವನ್ನು ಮೇಲಿನಿಂದ ಕೆಳಕ್ಕೆ ಎಳೆದೆ. ಮರದ ಕಾಂಡಗಳೆಲ್ಲ ಉದ್ದುದ್ದ ಗೆರೆಗಳಾದವು. ಎಲೆಗಳು ಕರಗಿ ಬರೀ ಬಣ್ಣವಾದವು.

ಅರವತ್ತು ತೆಗೆದೆ, ಐವತ್ತೆಂಟು ಅಳಿಸಿದೆ. ಉಳಿದ ಎರಡರಲ್ಲಿ ಆ ಬೆಳಗಿನ ತೇವ ಇತ್ತು. ಮನೆಯಲ್ಲಿ ಹೆಂಡತಿ ನೋಡಿ, "ಏನ್ರೀ, ಕೈ ನಡುಗ್ತಾ?" ಅಂದಳು. 36 ಫೋಟೋದ ರೋಲ್ ಇದ್ದ ಕಾಲದಲ್ಲಾಗಿದ್ದರೆ ನನಗೂ ಈ ಧೈರ್ಯ ಬರುತ್ತಿರಲಿಲ್ಲ.

ಇಂಥ ಫೋಟೋ ಸುಳ್ಳು ಅನ್ನುವವರಿಗೆ ನನ್ನದೊಂದು ಪ್ರಶ್ನೆ. 1/4000 ಸೆಕೆಂಡಿನಲ್ಲಿ ಗಾಳಿಯಲ್ಲೇ ನಿಂತುಬಿಟ್ಟ ನೀರಿನ ಹನಿ ನಿಜವಾ? ಅದನ್ನು ಯಾರ ಕಣ್ಣು ಕಂಡಿದೆ? ಕಪ್ಪು-ಬಿಳುಪಿನ ಬೆಟ್ಟವನ್ನು ಯಾರಾದರೂ ಹತ್ತಿದ್ದಾರಾ? ಅದಕ್ಕೆಲ್ಲ ಯಾರೂ ತಕರಾರು ತೆಗೆಯುವುದಿಲ್ಲ.

ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್ ಬಂಡೆಗಳ ಹತ್ತಿರ ಸಂಜೆ ಎನ್‌ಡಿ ಫಿಲ್ಟರ್ ಹಾಕಿ ನೋಡಿ. ಅದು ಲೆನ್ಸಿಗೆ ತೊಡಿಸುವ ಕಪ್ಪು ಕನ್ನಡಕ. ಹತ್ತು ಸ್ಟಾಪಿನದಾದರೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಬೆಳಕು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 1/60 ಸೆಕೆಂಡಿನ ಫೋಟೋಗೆ ಹದಿನಾರು ಹದಿನೇಳು ಸೆಕೆಂಡು ಬೇಕಾಗುತ್ತದೆ. (ಫೋಕಸ್ ಮೊದಲೇ ಮಾಡಿಕೊಳ್ಳಿ, ಫಿಲ್ಟರ್ ಹಾಕಿದ ಮೇಲೆ ಎಲ್ಲ ಕತ್ತಲೆ. ನಾನು ಮರೆತು ಒಂದು ಇಡೀ ಸಂಜೆ ಕಳೆದುಕೊಂಡಿದ್ದೇನೆ.) ಅಷ್ಟು ಹೊತ್ತಿನಲ್ಲಿ ಬಂದುಹೋದ ಅಲೆಗಳೆಲ್ಲ ಒಂದೇ ಚಿತ್ರದಲ್ಲಿ ಕೂಡುತ್ತವೆ. ಸಮುದ್ರದ ಮುಂದೆ ಸುಮ್ನೆ ಕೂತಾಗ ನನ್ನ ಮನಸ್ಸಿನಲ್ಲಿ ಉಳಿಯುವುದೂ ಹಾಗೇ. ಯಾವ ಅಲೆ ಮೊದಲು ಬಂತು ಅಂತ ಯಾರು ಲೆಕ್ಕ ಇಡುತ್ತಾರೆ?

ವಿರೋಧ: ಲೆಕ್ಕ ಇಡುವವರೂ ಇದ್ದೇವೆ

ಮೇಲೆ ಬರೆದ ಅಣ್ಣನ ಆ ಹಸಿರು ಫೋಟೋ ನನಗೂ ಇಷ್ಟ. ಮಾಟುಂಗಾದಲ್ಲಿ ಕಾಫಿ ಕುಡಿಯುತ್ತಾ ತೋರಿಸಿದಾಗ ಹೊಗಳಿದ್ದೆ ಕೂಡ. ಕಾಡಿನ ಮರಗಳನ್ನು ಬೇಕಾದರೆ ಕರಗಿಸಲಿ. ನನ್ನ ಜಗಳ ಮುಂಬೈನ ಪೂರ್ವ ಕಡಲಂಚಿನ ಶಿವ್ಡಿಯದು.

ಶಿವ್ಡಿಯ ಕೆಸರಿನಲ್ಲಿ ಫ್ಲೆಮಿಂಗೊಗಳು ಮೇಯುವುದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಅಲ್ಲಿಗೆ ದೊಡ್ಡ ಜಾತಿಯೂ ಬರುತ್ತದೆ, ಚಿಕ್ಕದೂ ಬರುತ್ತದೆ. ದೊಡ್ಡದರ ಕೊಕ್ಕು ತಿಳಿ ಗುಲಾಬಿ, ತುದಿ ಮಾತ್ರ ಕಪ್ಪು. ಚಿಕ್ಕದರ ಕೊಕ್ಕು ಪೂರ್ತಿ ಗಾಢ. ಕ್ಯಾಮೆರಾ ಅಲ್ಲಾಡಿಸಿದರೆ ಎರಡೂ ಒಂದೇ ಗುಲಾಬಿ ಗೆರೆ. ಗೋಡೆಗೆ ಚೆಂದ, ಆದರೆ ಹಕ್ಕಿ ಯಾವುದು ಅಂತ ಕೇಳಿದರೆ ಉತ್ತರ ಇಲ್ಲ.

ಇನ್ನೊಂದು ಮಾತು. 2024ರ ಜನವರಿಯಲ್ಲಿ ಅಟಲ್ ಸೇತು ಶುರುವಾಯಿತು. ಸುಮಾರು 22 ಕಿಲೋಮೀಟರ್ ಉದ್ದದ ಆ ಸೇತುವೆ ಹೊರಡುವುದೇ ಶಿವ್ಡಿಯಿಂದ. ಕಂಬಗಳು ಏಳುವ ಮೊದಲು ಆ ಕೆಸರು ಹೇಗಿತ್ತು, ಹಕ್ಕಿಗಳು ಎಲ್ಲಿ ಗುಂಪಾಗಿ ನಿಲ್ಲುತ್ತಿದ್ದವು ಅಂತ ಈಗ ನೋಡಬೇಕಾದರೆ ಹಳೆಯ ಫೋಟೋ ಬೇಕು. ನೇರವಾಗಿ, ಸ್ಪಷ್ಟವಾಗಿ ತೆಗೆದದ್ದು. ನನ್ನ ಹತ್ತಿರ ಹನ್ನೊಂದಿವೆ. ಆಗ ಬೇಸರ ಅನಿಸಿ ಇನ್ನೂ ಜಾಸ್ತಿ ತೆಗೆದಿರಲಿಲ್ಲ.

ಬ್ಯಾಂಡ್‌ಸ್ಟ್ಯಾಂಡಿನ ಹಾಲಿನಂಥ ಸಮುದ್ರವೂ ಅಷ್ಟೇ. ಅದರಲ್ಲಿ ಅಲೆಯ ಜೊತೆ ತೇಲಾಡುವ ಪ್ಲಾಸ್ಟಿಕ್ ಕೂಡ ಕರಗಿ ಹೋಗುತ್ತದೆ. ಮುಂಬೈ ಸಮುದ್ರವನ್ನು ಇಷ್ಟು ಸುಲಭವಾಗಿ ತೊಳೆದವರು ಬೇರೆ ಯಾರೂ ಇಲ್ಲ!

ಮಿಂಚುಹುಳದ ಫೋಟೋ ಮಾತ್ರ ನಗುವ ವಿಷಯ ಅಲ್ಲ. ಮಳೆಗಾಲಕ್ಕೆ ಮುಂಚೆ, ಮೇ-ಜೂನ್‌ನಲ್ಲಿ, ಮಹಾರಾಷ್ಟ್ರದ ಪುರುಷವಾಡಿ, ಭಂಡಾರ್‌ದರಾ ಕಡೆ ಮರಗಳೆಲ್ಲ ಮಿನುಗುತ್ತವೆ. ಹತ್ತಾರು ಫ್ರೇಮುಗಳನ್ನು, ಅಂದರೆ ಬಿಡಿ ಫೋಟೋಗಳನ್ನು, ಒಂದರ ಮೇಲೊಂದು ಕೂಡಿಸಿದ ಚಿತ್ರದಲ್ಲಿ ಕಾಡಿಗೆ ಕಾಡೇ ಉರಿಯುವ ಹಾಗೆ ಕಾಣುತ್ತದೆ. ಅದನ್ನು ನೋಡಿ ಜನ ಕಾರು ಹತ್ತಿ ಬರುತ್ತಾರೆ. ಅಷ್ಟು ಬೆಳಕು ಕಾಣದಿದ್ದರೆ ಟಾರ್ಚ್ ಹಾಕಿ ಹುಡುಕುತ್ತಾರೆ. ಆ ಹುಳಗಳು ಜೋಡಿ ಹುಡುಕುವುದೇ ತಮ್ಮ ಮಿನುಗಿನಿಂದ. ನಮ್ಮ ಟಾರ್ಚು ಅವಕ್ಕೆ ಅಡ್ಡಿ. ಇಷ್ಟು ಫ್ರೇಮು ಕೂಡಿಸಿದ್ದೇನೆ ಅಂತ ಕೆಳಗೆ ಒಂದು ಸಾಲು ಬರೆಯೋದಕ್ಕೆ ಏನು ಕಷ್ಟ?

ಅಣ್ಣಾ, ಈ ಚಳಿಗಾಲ ಫ್ಲೆಮಿಂಗೊ ಬಂದಾಗ, ನೀರು ಇಳಿಯುವ ಹೊತ್ತು ನೋಡಿಕೊಂಡು ಶಿವ್ಡಿಗೆ ಬನ್ನಿ. ಮೊದಲು 1/1000 ಸೆಕೆಂಡಿನಲ್ಲಿ ನನಗೊಂದು ಫೋಟೋ ತೆಗೆದುಕೊಡಿ, ಕೊಕ್ಕು ಕಾಣುವ ಹಾಗೆ. ಆಮೇಲೆ ಬೇಕಾದಷ್ಟು ಅಲ್ಲಾಡಿಸಿ.