ಔಷಧಿ ತಾತನ ಕೈಗುಣ

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ನನಗೆ ಜಾಂಡೀಸ್ ಆಗಿತ್ತು. ಮೂರು ದಿನ ಸುಮ್ನೆ ಜ್ವರ, ಅನ್ನ ನೋಡಿದರೆ ವಾಕರಿಕೆ. ನಾಲ್ಕನೇ ದಿನ ಹಲ್ಲುಜ್ಜುವಾಗ ಕನ್ನಡಿ ನೋಡಿದರೆ ಕಣ್ಣಿಗೆ ಅರಿಶಿನ ಬಳಿದ ಹಾಗಿತ್ತು. ಆಫೀಸ್ ಹತ್ತಿರದ ಪಾನಿಪೂರಿ ಮೇಲೆ ಅನುಮಾನ. ಸಾಕ್ಷಿ ಇಲ್ಲ.

ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋದೆ. ರಕ್ತ ಕೊಟ್ಟೆ. ಸಂಜೆಗೆ ರಿಪೋರ್ಟ್ ಬಂತು: ಬಿಲಿರುಬಿನ್ (ಕಣ್ಣು ಹಳದಿ ಮಾಡುವ ರಕ್ತದ ಅಂಶ) 9.4, ಹೆಪಟೈಟಿಸ್ ಎ, ಅಂದರೆ ಲಿವರಿಗೆ ವೈರಸ್ ಸೋಂಕು. ಡಾಕ್ಟರ್ ನನ್ನ ಕಡೆ ತಿರುಗಿದ್ದು ಒಂದೇ ಸಲ, ಕಣ್ಣಿನ ರೆಪ್ಪೆ ಎಳೆದು ನೋಡೋಕೆ. ಉಳಿದ ಹೊತ್ತೆಲ್ಲ ಅವರ ಕಣ್ಣು ಕಂಪ್ಯೂಟರ್ ಮೇಲೆ.

"ರೆಸ್ಟ್ ಮಾಡಿ. ಕಾಯಿಸಿದ ನೀರು ಕುಡೀರಿ. ಡ್ರಿಂಕ್ಸ್ ಮುಟ್ಟಬೇಡಿ. ಎರಡು ವಾರ ಬಿಟ್ಟು ಎಲ್‌ಎಫ್‌ಟಿ, ಅಂದರೆ ಲಿವರ್ ಟೆಸ್ಟ್, ಮಾಡಿಸಿಕೊಂಡು ಬನ್ನಿ."

"ಮಾತ್ರೆ ಸಾರ್?"

"ಇದಕ್ಕೆ ಮಾತ್ರೆ ಇಲ್ಲ. ತಾನಾಗೇ ಹೋಗುತ್ತೆ."

ನಾಲ್ಕು ನಿಮಿಷ, ಎಂಟುನೂರು ರೂಪಾಯಿ. ಅವರು ಹೇಳಿದ ಒಂದೊಂದು ಮಾತೂ ನೂರಕ್ಕೆ ನೂರು ಸರಿ ಅಂತ ಈಗ ಗೊತ್ತು. ಅವತ್ತು ಮಾತ್ರ ಮೋಸ ಹೋದ ಹಾಗೆ ಅನಿಸಿತ್ತು. ಔಷಧಿಯನ್ನೇ ಬರೆಯದ ಡಾಕ್ಟರಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ?

ಫೋನಿನಲ್ಲಿ ಅಮ್ಮ ಒಂದೇ ಮಾತು ಹೇಳಿದಳು. "ಇಂಗ್ಲಿಷ್ ಔಷಧೀಲಿ ಕಾಮಾಲೆಗೆ ಏನೂ ಇಲ್ಲ ಕಣೋ. ಊರಿಗೆ ಬಾ."

ನಮ್ಮೂರು ತಿಪಟೂರು ಕಡೆ. ಮಾರನೇ ಬೆಳಿಗ್ಗೆ ದೊಡ್ಡಪ್ಪ ಬೈಕಿನಲ್ಲಿ ಕೂರಿಸಿಕೊಂಡು ಪಕ್ಕದ ಊರಿನ ಔಷಧಿ ತಾತನ ಹತ್ತಿರ ಕರೆದುಕೊಂಡು ಹೋದರು. ಖಾಲಿ ಹೊಟ್ಟೆಯಲ್ಲೇ ಹೋಗಬೇಕು. ಜಗಲಿ ಮೇಲೆ ನಮಗಿಂತ ಮುಂಚೆ ಬಂದ ಆರೇಳು ಜನ ಕೂತಿದ್ದರು. ಒರಳಿನ ಪಕ್ಕ ಬೇರು ಸಮೇತ ಕಿತ್ತು ತೊಳೆದ ನೆಲನೆಲ್ಲಿ ಗಿಡ, ಒಂದು ಕಂತೆ. ನೋಡಿರುತ್ತೀರಿ. ಮಳೆ ಬಿದ್ದರೆ ಬದುವಿನಲ್ಲಿ, ಕಾಂಪೌಂಡ್ ಗೋಡೆ ಪಕ್ಕದಲ್ಲಿ ತಾನಾಗೇ ಏಳುವ ಗೇಣುದ್ದದ ಗಿಡ. ಎಲೆ ಸಾಲು ತಿರುವಿದರೆ ಅಡಿಯಲ್ಲಿ ಸಾಸಿವೆಗಿಂತ ಚೂರು ದಪ್ಪದ ಹಸಿರು ಕಾಯಿ, ಮಣಿ ಪೋಣಿಸಿದ ಹಾಗೆ.

ತಾತ ಮೊದಲು ಔಷಧಿ ಕೊಡಲಿಲ್ಲ. ನನ್ನ ಕೈ ಹಿಡಿದುಕೊಂಡು ಕೇಳುತ್ತಾ ಹೋದರು. ಉಚ್ಚೆ ಯಾವ ಬಣ್ಣ? ನಿದ್ದೆ ಬರುತ್ತಾ? ಅಡುಗೆ ಯಾರು ಮಾಡ್ತಾರೆ? ಮದುವೆ ಆಗಿದೆಯಾ? ಕೊನೆಗೆ, "ಹೆದರಿಕೊಂಡಿದೀಯಾ ಮಗಾ?" ಅಂದರು.

ನನಗೆ ಗಂಟಲು ಕಟ್ಟಿತು. ಹೌದು, ಹೆದರಿದ್ದೆ. ಅದುವರೆಗೆ ಯಾರೂ ಕೇಳಿರಲಿಲ್ಲ.

ಮಜ್ಜಿಗೆಯಲ್ಲಿ ಕದಡಿದ ಹಸಿರು ರಸ ಒಂದು ಲೋಟ. ಮೂರು ದಿನ. ಎಣ್ಣೆ, ಒಗ್ಗರಣೆ, ಖಾರ ಎಲ್ಲ ಬಂದ್. ದುಡ್ಡು ಮುಟ್ಟಲಿಲ್ಲ, ವೀಳ್ಯದೆಲೆ ಅಡಿಕೆ ಮಾತ್ರ. ಆರು ವಾರದಲ್ಲಿ ನಾನು ಮೊದಲಿನ ಹಾಗಾದೆ. "ತಾತನ ಕೈಗುಣ" ಅಂತ ಅಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದಳು.

ಆದರೆ ಹೆಪಟೈಟಿಸ್ ಎ ಬಹುಪಾಲು ಜನರಿಗೆ ಕೆಲವು ವಾರದಿಂದ ಒಂದೆರಡು ತಿಂಗಳಲ್ಲಿ ತಾನಾಗೇ ವಾಸಿಯಾಗುತ್ತದೆ. ವೈರಸ್ಸನ್ನು ನಮ್ಮ ಮೈಯೇ ಓಡಿಸುತ್ತದೆ. ನೆಲನೆಲ್ಲಿ ಕುಡಿದರೂ ಅಷ್ಟೇ, ಬರೀ ಗಂಜಿ ಕುಡಿದರೂ ಅಷ್ಟೇ. ಅಂದರೆ ನಾನು ಗುಣವಾಗಿದ್ದು ಯಾವುದಕ್ಕೂ ಪುರಾವೆ ಅಲ್ಲ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ನಮ್ಮ ಭಾವ. ನನಗೆ ವಾಸಿಯಾದ ಮುಂದಿನ ವರ್ಷ ಅವರ ಕಣ್ಣೂ ಹಳದಿ ಆಯಿತು. ಮನೆಯವರು ನನ್ನನ್ನೇ ಉದಾಹರಣೆ ಕೊಟ್ಟು ಅದೇ ಜಗಲಿಗೆ ಕಳಿಸಿದರು. ಅದೇ ರಸ, ಅದೇ ಪಥ್ಯ. ಭಾವನಿಗೆ ಜ್ವರ ಇರಲಿಲ್ಲ. ಮೈಯೆಲ್ಲ ತುರಿಕೆ, ರಾತ್ರಿಯೆಲ್ಲ ಕೆರೆದುಕೊಳ್ಳೋರು. ಮಲ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಪಿತ್ತ ಹರಿಯುವ ದಾರಿ ಎಲ್ಲೋ ಕಟ್ಟಿಕೊಂಡಿದೆ ಅನ್ನೋಕೆ ಇವು ಗುರುತು. ಮನೆಯವರಿಗೆ ಯಾರಿಗೂ ಗೊತ್ತಿರಲಿಲ್ಲ. ಐದನೇ ವಾರ ತುಮಕೂರಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಮೇದೋಜೀರಕದ ತಲೆಯಲ್ಲಿ ಗಡ್ಡೆ. ಏಳು ತಿಂಗಳಲ್ಲಿ ಹೋದರು. ಐದು ವಾರ ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರಾ? ಅಕ್ಕ ಕೇಳಿದಾಗ ಡಾಕ್ಟರ್ ಕೂಡ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಆ ಕಾಯಿಲೆಯೇ ಅಂಥದ್ದು.

ಹಳದಿ ಒಂದೇ, ಅದರ ಹಿಂದಿನ ರೋಗ ಹತ್ತು. ಕೈ ಹಿಡಿದು ಎಷ್ಟು ಹೊತ್ತು ಮಾತಾಡಿದರೂ ಒಳಗಿನ ಗಡ್ಡೆ ಕಾಣುವುದಿಲ್ಲ.

ಇಷ್ಟೇ ಅಲ್ಲ. ಭಾವ ತಾತನ ಹತ್ತಿರ ಎರಡು ಸಲ ಹೋಗಿ ಆಮೇಲೆ ನಿಲ್ಲಿಸಿದರು. ವಾಪಸ್ ಬರದವರೆಲ್ಲ ಗುಣವಾದವರು ಅನ್ನೋದು ಜಗಲಿಯ ಲೆಕ್ಕ. ಹಾಗಾಗಿ ಭಾವನೂ ಅಲ್ಲಿ ಗುಣವಾದವರ ಪಟ್ಟಿಯಲ್ಲೇ ಇದ್ದರು. ನನಗೆ ವಿಜ್ಞಾನ ಅಂದರೆ ಮೆಷಿನ್ನೂ ಅಲ್ಲ, ಬಿಳಿ ಕೋಟೂ ಅಲ್ಲ. ವಾಪಸ್ ಬರದವರನ್ನು ಹುಡುಕಿಕೊಂಡು ಹೋಗಿ "ಏನಾಯ್ತು?" ಅಂತ ಕೇಳುವ ಅಭ್ಯಾಸ.

"ನಿಮ್ಮ ವಿಜ್ಞಾನ ನಮ್ಮ ಗಿಡಮೂಲಿಕೆಯನ್ನು ಕೀಳಾಗಿ ನೋಡುತ್ತೆ" ಅಂತ ಕಮೆಂಟ್ ಹಾಕೋಕೆ ಹೊರಟವರು ಒಂದು ನಿಮಿಷ ತಡೀರಿ. ಇದೇ ನೆಲನೆಲ್ಲಿಯನ್ನು ಮದ್ರಾಸಿನ ತ್ಯಾಗರಾಜನ್ ಮತ್ತು ಅವರ ಜೊತೆಗಾರರು ಹೆಪಟೈಟಿಸ್ ಬಿ ರೋಗಿಗಳಿಗೆ ಕೊಟ್ಟು ನೋಡಿದ್ದರು. ಜೊತೆಗಿದ್ದವರು ಯಾರು ಗೊತ್ತಾ? ಆ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬ್ಲಂಬರ್ಗ್. 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಂದು ತಿಂಗಳು ಗಿಡದ ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯ. ಸುಳ್ಳು ಔಷಧಿ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಯಾರಾದರೂ ಕುಣಿಯಬೇಕಾದ ಸುದ್ದಿ! ಆಮೇಲೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಬೇರೆಯವರು ಮಾಡಿ ನೋಡಿದರು. ಆ ಫಲಿತಾಂಶ ಮತ್ತೆ ಬರಲಿಲ್ಲ. ನೊಬೆಲ್ ಪಡೆದವರ ಹೆಸರಿದ್ದರೂ ಮತ್ತೆ ಪರೀಕ್ಷೆ ಮಾಡದೆ ಬಿಡಲಿಲ್ಲ. ಗಿಡಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ಹಾಗಾದರೆ ತಾತ ನನಗೆ ಏನೂ ಕೊಡಲಿಲ್ಲವಾ? ಕೊಟ್ಟರು. 2011ರಲ್ಲಿ ಅಮೆರಿಕದಲ್ಲಿ ಅಸ್ತಮಾ ರೋಗಿಗಳ ಮೇಲೆ ಒಂದು ಪ್ರಯೋಗ ಆಯಿತು. ನಿಜವಾದ ಇನ್‌ಹೇಲರ್, ಔಷಧಿ ಇಲ್ಲದ ಇನ್‌ಹೇಲರ್, ಸುಳ್ಳು ಅಕ್ಯುಪಂಕ್ಚರ್. ಮೂರರಲ್ಲೂ ರೋಗಿಗಳು ಹೆಚ್ಚುಕಡಿಮೆ ಒಂದೇ ಥರ "ಪರವಾಗಿಲ್ಲ, ಆರಾಮ ಅನಿಸ್ತಿದೆ" ಅಂದರು. ಊದಿಸಿ ಅಳೆದು ನೋಡಿದರೆ ಶ್ವಾಸನಾಳ ಚೆನ್ನಾಗಿ ತೆರೆದಿದ್ದು ನಿಜವಾದ ಔಷಧಿಗೆ ಮಾತ್ರ. ಆರಾಮ ಅನ್ನೋದು ಸುಳ್ಳಲ್ಲ. ನನ್ನ ಹೆದರಿಕೆ ಆ ಜಗಲಿಯಲ್ಲೇ ಇಳಿದಿದ್ದು. ಅಪಾಯ ಇರೋದು ಎಲ್ಲಿ ಅಂದರೆ, ಶ್ವಾಸನಾಳ ಮುಚ್ಚಿಕೊಳ್ಳುತ್ತಾ ಇದ್ದಾಗಲೂ ಆರಾಮ ಅನಿಸಬಹುದು.

ಡಾಕ್ಟರುಗಳ ಮೇಲಿನ ಸಿಟ್ಟು ಹಾಗೇ ಇದೆ, ಬಿಡಿ. ಹಲವು ದೇಶಗಳ ಲೆಕ್ಕ ಹಾಕಿ 2017ರಲ್ಲಿ ಬಂದ ಒಂದು ವರದಿ ಪ್ರಕಾರ ನಮ್ಮಲ್ಲಿ ಡಾಕ್ಟರ್ ಒಬ್ಬ ರೋಗಿಗೆ ಕೊಡುವ ಸಮಯ ಎರಡು ನಿಮಿಷದ ಆಸುಪಾಸು. ಆ ಲೆಕ್ಕದಲ್ಲಿ ನಾನು ಪುಣ್ಯವಂತ, ನನಗೆ ಡಬಲ್ ಸಿಕ್ಕಿತ್ತು. "ಇದಕ್ಕೆ ಮಾತ್ರೆ ಇಲ್ಲ" ಅಂದಮೇಲೆ ಇನ್ನೊಂದು ನಿಮಿಷ "ಯಾಕೆ ಇಲ್ಲ" ಅಂತ ಹೇಳಿದ್ದರೆ ನಾನು ಊರಿನ ಬಸ್ಸು ಹತ್ತುತ್ತಿರಲಿಲ್ಲ. ನಾನು ಹೋಗದಿದ್ದರೆ ಭಾವನಿಗೆ ಕೊಡೋಕೆ ಉದಾಹರಣೆಯೂ ಇರುತ್ತಿರಲಿಲ್ಲ.

ಈ ನಡುವೆ ಬೆಂಗಳೂರಲ್ಲಿ "ಹೋಲಿಸ್ಟಿಕ್" ಅಂತ ಬೋರ್ಡ್ ಹಾಕಿಕೊಂಡವರ ಬಗ್ಗೆ ನನಗೆ ಹೇಳೋಕೆ ಜಾಸ್ತಿ ಏನಿಲ್ಲ. ಇಡೀ ಮನುಷ್ಯನನ್ನು ನೋಡ್ತೀವಿ ಅಂತಾರೆ, ಎಲ್ಲರಿಗೂ ಒಂದೇ ಪ್ಯಾಕೇಜ್ ಮಾರುತ್ತಾರೆ. ತಾತ ಅಡಿಕೆಗೆ ಕೊಟ್ಟಿದ್ದಕ್ಕೆ ಇಲ್ಲಿ ಸಾವಿರಗಟ್ಟಲೆ, ಮೇಲೆ ಜಿಎಸ್‌ಟಿ.

ಹೋದ ತಿಂಗಳು ಊರಿಗೆ ಹೋದಾಗ ತಾತನ ಮನೆಗೆ ನಾನೊಬ್ಬನೇ ಹೋದೆ. ಭಾವನ ವಿಷಯ ಹೇಳಿದೆ. ಗಡ್ಡೆ, ಸ್ಕ್ಯಾನ್, ಏಳು ತಿಂಗಳು, ಎಲ್ಲ. ಕೈಯಲ್ಲಿದ್ದ ಗಿಡ ಕೆಳಗಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತರು.

"ಯಾರೂ ಬಂದು ಹೇಳಲಿಲ್ಲ ಕಣಪ್ಪ" ಅಂದರು.

ಜಗಲಿ ಮೇಲೆ ಒಬ್ಬಳು ತಾಯಿ, ತೊಡೆ ಮೇಲೆ ನಾಲ್ಕೈದು ವರ್ಷದ ಹುಡುಗ. ಅವನ ಕಣ್ಣು ಹಳದಿ. ರಕ್ತ ಪರೀಕ್ಷೆ ಮಾಡಿಸಿದ್ದೀಯಾ ತಾಯಿ ಅಂತ ಕೇಳಿದೆ.

"ಇಲ್ಲಣ್ಣ, ಇದನ್ನ ಕುಡಿಸಿ ಆಮೇಲೆ ನೋಡೋಣ ಅಂತ" ಅಂದಳು. ನಾನು ತಾತನ ಮುಖ ನೋಡಿದೆ. ಅವರು ಒರಳಿನ ಕಡೆ ನೋಡುತ್ತಿದ್ದರು.