ಕಿವಿಗಿಂತ ಮೈಕ್ ನೋಡಿ ಹೆಡ್‌ಸೆಟ್ ಕೊಳ್ಳಿ

ಹೆಡ್‌ಸೆಟ್‌ನಲ್ಲಿ ಎಎನ್‌ಸಿ (ಸುತ್ತಲಿನ ಸದ್ದು ತಗ್ಗಿಸುವ ಸೌಲಭ್ಯ) ಇದ್ದರೆ ಆಫೀಸ್ ಕಾಲ್‌ಗೆ ಮತ್ತೇನೂ ಬೇಡ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಪ್ಪೋದು ಕಷ್ಟ ಸಾರ್. ಎಎನ್‌ಸಿ ತಗ್ಗಿಸೋದು ನಮ್ಮ ಕಿವಿಗೆ ಬೀಳುವ ಸದ್ದನ್ನು. ಆ ಕಡೆಯವರಿಗೆ ಹೋಗುವ ಸದ್ದನ್ನು ತಡೆಯಬೇಕಾದ್ದು ಮೈಕ್. ಜುಲೈ ಮಳೆಯಲ್ಲಿ ಮಡಿಕೇರಿಯ ಶೀಟ್ ಮನೆಯಲ್ಲಿ ಕೂತು ಮೀಟಿಂಗ್ ಮಾಡುವವರನ್ನು ಕೇಳಿ ನೋಡಿ. ನಮಗೆ ಎಲ್ಲ ಪ್ರಶಾಂತ, ಬೆಂಗಳೂರಿನ ಮ್ಯಾನೇಜರ್ ಮಾತ್ರ "ಏನ್ರೀ, ಅಬ್ಬಿ ಫಾಲ್ಸ್ ಹತ್ರ ನಿಂತಿದ್ದೀರಾ?" ಅಂತಾರೆ.

ಹಾಗಾಗಿ ಮೊದಲು ನೋಡಬೇಕಾದ್ದು ಬಾಯಿ ಪಕ್ಕಕ್ಕೆ ಬರುವ ಬೂಮ್ ಮೈಕ್. ತುಟಿಯಿಂದ ಎರಡು ಬೆರಳು ದೂರ, ನೇರಕ್ಕಲ್ಲ, ಸ್ವಲ್ಪ ಓರೆಗೆ ಇಟ್ಟುಕೊಂಡರೆ ಉಸಿರಿನ ಬುಸ್ ಸದ್ದೂ ಆ ಕಡೆಯವರಿಗೆ ಕೇಳಲ್ಲ. ಬಡ್ಸ್‌ನ ಮೈಕ್ ಇರೋದು ಕಿವಿ ಹತ್ತಿರ, ಅದಕ್ಕೆ ಮಾತೂ ಮಳೆಯೂ ಹೆಚ್ಚುಕಮ್ಮಿ ಒಂದೇ.

ಹಾಡಿಗೆ ಸೊಗಸಾಗಿದ್ದ ಹೆಡ್‌ಸೆಟ್ ಕಾಲ್ ಬಂದ ಕೂಡಲೇ ಮಂಕಾದರೆ ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ. ಮೈಕ್ ಆನ್ ಆದಾಗ ಮಾಮೂಲಿ ಬ್ಲೂಟೂತ್ ಬೇರೆ ಪ್ರೊಫೈಲ್‌ಗೆ, ಅಂದರೆ ಕಾಲ್‌ಗೆಂದೇ ಇರುವ ವಿಧಾನಕ್ಕೆ ಹೋಗುತ್ತೆ, ಸ್ಯಾಂಪ್ಲಿಂಗ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತೆ ಅನ್ನೋ ಲೆಕ್ಕ) 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿಯುತ್ತೆ, ಅದಕ್ಕೇ ಸದ್ದು ಮಂಕು. ಅಂಗಡಿಯಲ್ಲಿ ಹಾಡು ಹಾಕಿ ತೋರಿಸಿದರೆ ಸಾಲದು, ಒಂದು ಕಾಲ್ ಮಾಡಿ ಅದರ ರೆಕಾರ್ಡಿಂಗ್ ಕೇಳಿಸಿಕೊಳ್ಳಿ.

ಕಾಫಿ ಕಣದವರೆಗೆ ನಡೀತಾ ಮಾತಾಡುವ ಆಸೆ ಇದ್ದವರಿಗೆ: ಸಾಧಾರಣ ಬ್ಲೂಟೂತ್ ಹೆಡ್‌ಸೆಟ್‌ಗೆ 10 ಮೀಟರ್ ಆಸುಪಾಸು ಅಂತ ಲೆಕ್ಕ, ಹಳೇ ಮನೆಯ ದಪ್ಪ ಗೋಡೆ ಅಡ್ಡ ಬಂದರೆ ಅದೂ ಇಲ್ಲ. ಫೋನ್ ಜೇಬಲ್ಲೇ ಇರಲಿ. (ನೆಟ್‌ವರ್ಕ್ ಕತೆ ಬೇರೆ, ಅದಕ್ಕೆ ಯಾವ ಹೆಡ್‌ಸೆಟ್ಟೂ ಮದ್ದಲ್ಲ.) ಕರೆಂಟ್ ನೆಚ್ಚಿಕೊಳ್ಳೋ ಹಾಗಿಲ್ಲದ ನಮ್ಮಂಥವರು ಪವರ್ ಬ್ಯಾಂಕ್‌ಗೆ ಸಿಕ್ಕಿಸಿ ಚಾರ್ಜ್ ಆಗ್ತಾ ಇರುವಾಗಲೂ ಮಾತಾಡೋಕೆ ಬರುತ್ತಾ ಅಂತ ಕೇಳಿ ತಗೊಳ್ಳಿ, ಕೆಲವು ಮಾಡೆಲ್‌ಗಳಲ್ಲಿ ಬರಲ್ಲ.