ಸ್ಕ್ರಿಪ್ಟ್ ಕಳಿಸುವ ಮೊದಲು ಕೇಬಲ್ ನೋಡಿ

"ಲಿನಕ್ಸ್ ರೀಸ್ಟಾರ್ಟ್ ಆದ್ರೆ ಸ್ಕ್ರೀನ್ ಸೆಟ್ಟಿಂಗ್ ಹೋಗಿಬಿಡ್ತಾವ್ರಿ, ಏನ್ ಮಾಡೂದು?" ಅಂತ ಯಾರಾದರೂ ಕೇಳಿದರೆ ಸಾಕು. ನಮ್ಮ ಬಳಗದಲ್ಲಿ ಒಬ್ಬರಾದರೂ, ಕಮಾಂಡ್ ಕೊಟ್ಟು ಸ್ಕ್ರೀನಿನ ಅಳತೆ ಬದಲಿಸುವ, ಮೂರು ಸಾಲಿನ ಎಕ್ಸ್‌ರ್ಯಾಂಡರ್ ಸ್ಕ್ರಿಪ್ಟ್ ಕಳಿಸುತ್ತಾರೆ. "ಇದನ್ನ ಸ್ಟಾರ್ಟಪ್‌ನಾಗ ಹಾಕ್ರಿ, ಮುಗೀತು" ಅಂತ ಕೈತೊಳೆದುಕೊಳ್ಳುತ್ತಾರೆ. ಈ ಔಷಧದ ಬಗ್ಗೆ ನನಗೆ ತಕರಾರಿದೆ. ಅದು ಕೆಲಸ ಮಾಡೋದಿಲ್ಲ ಅಂತಲ್ಲ, ಬಹಳ ಸಲ ಮಾಡುತ್ತದೆ. ಆದರೆ ಕಂಪ್ಯೂಟರ್ ಮರೆತದ್ದು ಯಾಕೆ ಅಂತ ಯಾರೂ ಕೇಳುವುದಿಲ್ಲ.

ಧಾರವಾಡದ ಸಪ್ತಾಪುರ ನೋಡಿದವರಿಗೆ ಗೊತ್ತು. ಕೋಚಿಂಗ್ ಕ್ಲಾಸು, ಪಿಜಿ, ಜೆರಾಕ್ಸ್ ಅಂಗಡಿ, ಮೆಸ್ಸು, ಇವುಗಳ ನಡುವೆ ಓದುವ ಕೋಣೆಗಳು. ಕೆಪಿಎಸ್‌ಸಿ, ಪಿಎಸ್‌ಐ ಅಂತ ಗದಗ, ಹಾವೇರಿ, ಬಾಗಲಕೋಟೆ ಕಡೆಯಿಂದ ಬಂದ ಹುಡುಗ ಹುಡುಗಿಯರು ಅಲ್ಲಿ ದಿನವಿಡೀ ಕೂತಿರುತ್ತಾರೆ. ಅಂಥ ಒಂದು ಕೋಣೆಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಲ್ಲ ಸೆಕೆಂಡ್‌ಹ್ಯಾಂಡ್ ಮಾಲು. ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಈ ಹಳೇ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್ ಬಂತು. ಪಿಡಿಎಫ್ ಓದಲು, ಹಳೇ ಪ್ರಶ್ನೆಪತ್ರಿಕೆ ತೆಗೆಯಲು, ಅರ್ಜಿ ತುಂಬಲು ಅದು ಧಾರಾಳ ಸಾಕು.

ಕೆಲವು ಮಷೀನ್‌ಗಳಲ್ಲಿ ಒಂದೇ ಗೋಳು. ಸಂಜೆ ಸೆಟ್ಟಿಂಗ್ ಸರಿ ಮಾಡಿ ಹೋದರೆ ಬೆಳಗ್ಗೆ ರೆಸಲ್ಯೂಷನ್ ಮತ್ತೆ 1024×768. ಅಗಲವಾದ ಸ್ಕ್ರೀನಿನ ಮೇಲೆ ಈ ಚೌಕದ ಚಿತ್ರವನ್ನು ಎಳೆದು ಹಾಸಿದರೆ ಅಕ್ಷರ ಅಡ್ಡಡ್ಡ ಉಬ್ಬುತ್ತದೆ, ಅಂಚು ಮಸುಕಾಗುತ್ತದೆ. ಇಂಗ್ಲಿಷ್ ಹೇಗೋ ಓದಬಹುದು. ಕನ್ನಡ ಓದಿ ನೋಡಿ ಗೊತ್ತಾಗುತ್ತದೆ. 'ದ'ಕ್ಕೂ 'ಧ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಸ್ಕ್ಯಾನ್ ಮಾಡಿದ ಪತ್ರಿಕೆಯಲ್ಲಿ ಆ ಗೀಟು ಕರಗಿಹೋಗುತ್ತದೆ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಕೂತ ಕಪ್ಪು ಚುಕ್ಕೆಗಳು. "ಸರ್, ಇದು ಓದಿದ್ರ ತಲಿ ಸಿಡೀತೈತ್ರಿ" ಅಂತ ಒಬ್ಬಳು ಹೇಳಿದ್ದು ಸುಮ್ನೆ ಅಲ್ಲ. ದಿನಕ್ಕೆ ಎಂಟು ತಾಸು ನೋಡುವವರ ಕಣ್ಣಿನ ವಿಷಯ ಇದು.

ರಾತ್ರಿ ಮೇನ್ ಸ್ವಿಚ್ ಆರಿಸುವ ಹುಡುಗನ ಮೇಲೆ ಎಲ್ಲರೂ ಗೂಬೆ ಕೂರಿಸಿದರು. ಪಾಪ, ಅವನ ತಪ್ಪಿರಲಿಲ್ಲ.

ಮೊದಲು ಎಕ್ಸ್‌ರ್ಯಾಂಡರ್ ಬಗ್ಗೆ. ಅದರ ಇಂದಿನ ರೂಪ ಬಂದದ್ದು 2007ರಲ್ಲಿ. ಪರದೆಯ ಮೇಲೆ ಚಿತ್ರ ಮೂಡಿಸುವ ಪ್ರೋಗ್ರಾಂ ಎಕ್ಸ್ ಸರ್ವರ್. ಈಗ ಓಡುತ್ತಿರುವ ಆ ಎಕ್ಸ್ ಸರ್ವರ್‌ಗೆ "ಹೀಗೆ ತೋರಿಸು" ಅಂತ ಹೇಳುವುದಷ್ಟೇ ಅದರ ಕೆಲಸ. ಡಿಸ್ಕ್ ಮೇಲೆ ಏನನ್ನೂ ಬರೆಯುವುದಿಲ್ಲ. ಸರ್ವರ್ ನಿಂತರೆ ಹೇಳಿದ ಮಾತೂ ಹೋಯಿತು. ಇದು ದೋಷ ಅಲ್ಲ, ಅದನ್ನು ಮಾಡಿರುವುದೇ ಹಾಗೆ. ನೆನಪಿಡುವ ಕೆಲಸ ಬೇರೆಯವರದು. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ನಲ್ಲಿ ಅದು ಬಳಸುವವರ ಸ್ವಂತ ಫೈಲ್‌ಗಳಿರುವ ಹೋಮ್ ಫೋಲ್ಡರ್‌ನ ಡಾಟ್ ಕಾನ್ಫಿಗ್ ಒಳಗಿನ ಸಿನಮನ್-ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್. ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಅಲ್ಲೇ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್. ಸೆಟ್ಟಿಂಗ್ ಕಿಟಕಿಯಲ್ಲಿ ಬದಲಾಯಿಸಿ, ಆಮೇಲೆ ಬರುವ "ಇದನ್ನೇ ಉಳಿಸಲೇ?" ಅನ್ನುವ ಪ್ರಶ್ನೆಗೆ ಹೌದು ಒತ್ತಿದಾಗ ಈ ಫೈಲಿಗೆ ಬರೆಯಲಾಗುತ್ತದೆ.

ಆ ಫೈಲನ್ನು ಒಮ್ಮೆ ತೆರೆದು ನೋಡಿ. ಬರೀ ರೆಸಲ್ಯೂಷನ್ ಇರುವುದಿಲ್ಲ. ಕೇಬಲ್ ಸಿಕ್ಕಿಸಿದ ಕಂಡಿ (ಪೋರ್ಟ್) ಯಾವುದು, ಮಾನಿಟರ್ ಯಾವ ಕಂಪನಿಯದು, ಯಾವ ಮಾಡೆಲ್, ಸೀರಿಯಲ್ ನಂಬರ್ ಏನು, ಎಲ್ಲ ಇರುತ್ತದೆ. ಬೆಳಗ್ಗೆ ಡೆಸ್ಕ್‌ಟಾಪ್ ಎದ್ದಾಗ ಎದುರಿಗಿರುವ ಮಾನಿಟರ್‌ಗೂ ಬರೆದಿಟ್ಟದ್ದಕ್ಕೂ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಹಳೇ ಸೆಟ್ಟಿಂಗ್ ಹಾಕುವುದಿಲ್ಲ. ಕಸ ಹೊಡೆಯುವಾಗ ಯಾರೋ ಕೇಬಲ್ ಕಿತ್ತು ಪಕ್ಕದ ಕಂಡಿಗೆ ಹಾಕಿದರೂ ಸಾಕು, ಅದು ಹೊಸ ಮಾನಿಟರ್ ಅನ್ನುವ ಲೆಕ್ಕ. ನಾವು ಮಾತ್ರ "ಲಿನಕ್ಸ್ ಮರೆತುಬಿಡ್ತು" ಅನ್ನುತ್ತೇವೆ.

ಇನ್ನು ಆ ಗುರುತು ಬರುವುದು ಎಲ್ಲಿಂದ? ಮಾನಿಟರ್ ಒಳಗೆ ಒಂದು ಚಿಕ್ಕ ಚಿಪ್ ಇರುತ್ತದೆ. ಅದರಲ್ಲಿರುವ ಮಾಹಿತಿಗೆ ಇಡಿಐಡಿ ಅನ್ನುತ್ತಾರೆ, ಮಾನಿಟರಿನ ಆಧಾರ್ ಕಾರ್ಡ್ ಅಂದುಕೊಳ್ಳಿ. ಮೂಲ ಭಾಗ ಬರೀ 128 ಬೈಟ್. ಅಷ್ಟರಲ್ಲೇ ಕಂಪನಿಯ ಮೂರಕ್ಷರದ ಗುರುತು, ತಯಾರಾದ ವರ್ಷ, ತನಗೆ ಯಾವ ರೆಸಲ್ಯೂಷನ್ ಇಷ್ಟ ಅನ್ನುವುದು ಎಲ್ಲ ಇದೆ. ಈ ಪದ್ಧತಿ 1994ರಿಂದ ಇದೆ. ಹಳೇ ಮಾನಿಟರ್‌ಗಳ ವಿಜಿಎ ಕೇಬಲ್‌ನ ಹದಿನೈದು ಪಿನ್‌ಗಳಲ್ಲಿ 12 ಮತ್ತು 15ನೇ ಪಿನ್ ಈ ಮಾತುಕತೆಗೇ ಮೀಸಲು.

ಕೋಣೆಯ ಆ ಕಂಪ್ಯೂಟರ್‌ಗಳ ಕೇಬಲ್ ಬಿಚ್ಚಿ ಬೆಳಕಿಗೆ ಹಿಡಿದಾಗ ಕೆಳಗಿನ ಸಾಲಿನಲ್ಲಿ ಎರಡನೇ ಪಿನ್ನೂ ಇಲ್ಲ, ಕೊನೆಯ ಪಿನ್ನೂ ಇಲ್ಲ, ಅಂದರೆ ಅದೇ 12 ಮತ್ತು 15. ಮುರಿದದ್ದಲ್ಲ, ಹಾಕೇ ಇಲ್ಲ. ಆ ಜಾಗದಲ್ಲಿ ಪ್ಲಾಸ್ಟಿಕ್ ನುಣ್ಣಗಿದೆ. (ಮಧ್ಯದ ಸಾಲಿನ 9ನೇ ಪಿನ್ ಬಹಳ ಕೇಬಲ್‌ಗಳಲ್ಲಿ ಇರುವುದಿಲ್ಲ, ಅದಕ್ಕೆ ಗಾಬರಿ ಬೇಡ.) ಚಿತ್ರ ಬರುತ್ತದೆ, ಬಣ್ಣ ಬರುತ್ತದೆ, ಆದರೆ ಮಾನಿಟರ್ ತನ್ನ ಹೆಸರು ಹೇಳಲು ದಾರಿಯೇ ಇಲ್ಲ. ಹೆಸರು ಗೊತ್ತಿಲ್ಲದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಅಪಾಯ ಬೇಡ ಅಂತ 1024×768ಕ್ಕೆ ನಿಲ್ಲುತ್ತದೆ. ನನ್ನ ಪ್ರಕಾರ ಅದು ಮಾಡುವುದು ಸರಿ.

ಬಿಚ್ಚದೆಯೂ ನೋಡಬಹುದು. ಸಿಸ್ ಫೋಲ್ಡರ್‌ನ ಕ್ಲಾಸ್, ಅದರೊಳಗೆ ಡಿಆರ್‌ಎಂ, ಅಲ್ಲಿ ಪ್ರತಿ ಕಂಡಿಗೂ ಒಂದು ಇಡಿಐಡಿ ಫೈಲ್ ಇರುತ್ತದೆ. ಮಾನಿಟರ್ ಹಾಕಿದ ಕಂಡಿಯ ಫೈಲನ್ನು ಟರ್ಮಿನಲ್‌ನಲ್ಲಿ ಕ್ಯಾಟ್ ಕಮಾಂಡ್‌ನಿಂದ ಓದಿ, ಎಣಿಸುವ ಡಬ್ಲ್ಯೂಸಿ ಕಮಾಂಡ್‌ಗೆ ಕೊಟ್ಟು ಎಷ್ಟು ಬೈಟ್ ಅಂತ ನೋಡಿ. 128 ಅಥವಾ 256 ಬಂದರೆ ಮಾನಿಟರ್ ಮಾತಾಡುತ್ತಿದೆ. ಸೊನ್ನೆ ಬಂದರೆ ಕೇಬಲ್, ಅಡಾಪ್ಟರ್ ಕಡೆ ನೋಡಿ. ಫೈಲ್ ಪಟ್ಟಿ ಕೊಡುವ ಎಲ್‌ಎಸ್ ಕಮಾಂಡ್ ತೋರಿಸುವ ಸೈಜ್ ನಂಬಬೇಡಿ, ಅಲ್ಲಿ ಯಾವಾಗಲೂ ಸೊನ್ನೆಯೇ.

ಕೇಬಲ್ ಕೊಟ್ಟ ಅಂಗಡಿಯವರು "ವಿಂಡೋಸ್ ಹಾಕ್ರಿ ಸರ, ಎಲ್ಲಾ ಸರಿ ಆಗತೈತಿ" ಅಂದರು. ಆಗುವುದಿಲ್ಲ. ಇಡಿಐಡಿ ಸಿಗದಿದ್ದರೆ ವಿಂಡೋಸ್ ಕೂಡ "ಜೆನೆರಿಕ್ ನಾನ್ ಪಿಎನ್‌ಪಿ ಮಾನಿಟರ್" ಅಂತ ಬರೆದು ಅದೇ ಗೋಳು ತೋರಿಸುತ್ತದೆ. ಪಿನ್ ಇಲ್ಲದ ಕೇಬಲ್‌ಗೆ ಓಎಸ್ ಬದಲಿಸಿದರೆ ಏನು ಬಂತು?

ಪೂರ್ತಿ ಪಿನ್ ಇರುವ ಕೇಬಲ್ ಹಾಕಿದ ಮೇಲೆ ಆ ಮಷೀನ್‌ಗಳು ಸುಮ್ಮನಾದವು. ಆದರೆ ಕೇಬಲ್ ಸರಿಯಿದ್ದ ಒಂದೆರಡು ಮಷೀನ್ ಇನ್ನೂ ಮರೆಯುತ್ತಿದ್ದವು. ಅಲ್ಲಿ ಮಾಲೀಕರು ಪ್ರತಿ ಸಲ ಸ್ಕ್ರೀನಿನ ಅಳತೆ, ಅಕ್ಕಪಕ್ಕದ ಎರಡು ಮಾನಿಟರ್‌ಗಳ ಜೋಡಣೆ ಎಲ್ಲ ಸರಿ ಮಾಡಿ, ಹೌದು ಒತ್ತಿ, ಮನೆಗೆ ಹೋಗುತ್ತಿದ್ದರು. ಮಾಡುತ್ತಿದ್ದದ್ದು ಮಾತ್ರ ಗೆಸ್ಟ್ ಸೆಷನ್‌ನಲ್ಲಿ.

ನನಗೆ ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ಗೆಸ್ಟ್ ಸೆಷನ್‌ಗೆ ತಾತ್ಕಾಲಿಕ ಹೋಮ್ ಫೋಲ್ಡರ್, ಲಾಗೌಟ್ ಆದರೆ ಅಳಿಸಿಹೋಗುತ್ತದೆ. ಓದುವ ಕೋಣೆಗೆ ಅದು ಬೇಕು ಕೂಡ. ಒಬ್ಬ ಹುಡುಗನ ಇಮೇಲ್ ಲಾಗಿನ್, ಅರ್ಜಿಗೆ ಏರಿಸಿದ ಆಧಾರ್ ಸ್ಕ್ಯಾನ್, ಮುಂದೆ ಬಂದು ಕೂರುವ ಹುಡುಗಿಗೆ ಕಾಣಬಾರದು. ಅಂದರೆ ಈ ಕಂಪ್ಯೂಟರ್ ಮರೆಯಲೇಬೇಕು. ಆದರೆ ಮಾನಿಟರ್ ಎಷ್ಟು ದೊಡ್ಡದು ಅನ್ನುವುದು ಆ ಹುಡುಗನ ವಿಷಯ ಅಲ್ಲ, ಮೇಜಿನ ವಿಷಯ. ಅದನ್ನು ಹುಡುಗನ ಹೋಮ್ ಫೋಲ್ಡರ್‌ನಲ್ಲಿ ಯಾಕೆ ಇಡಬೇಕು? ಸ್ಟಾರ್ಟಪ್ ಸ್ಕ್ರಿಪ್ಟ್ ಮೇಲಿನ ನನ್ನ ತಕರಾರೂ ಇದೇ. ಅದು ಹೋಮ್‌ನಲ್ಲಿ ಕೂರುತ್ತದೆ. ಇನ್ನೊಬ್ಬ ಯೂಸರ್‌ಗೆ ಇಲ್ಲ, ಗೆಸ್ಟ್‌ಗೆ ಇಲ್ಲ, ಲಾಗಿನ್ ಪರದೆಗೂ ಇಲ್ಲ.

ಮಷೀನಿನ ಸಂಗತಿ ಇಟಿಸಿಯಲ್ಲಿರಲಿ, ಅಂದರೆ ಎಲ್ಲ ಯೂಸರ್‌ಗೂ ಸೇರಿದ ಸೆಟ್ಟಿಂಗ್‌ಗಳ ಫೋಲ್ಡರ್‌ನಲ್ಲಿ. ಎಕ್ಸ್ ಬಳಸುವ ಮಿಂಟ್‌ನಲ್ಲಿ ಇಟಿಸಿ ಒಳಗೆ ಎಕ್ಸ್11, ಅದರೊಳಗೆ ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಡಾಟ್ ಡಿ, ಆ ಫೋಲ್ಡರ್ ಇಲ್ಲದಿದ್ದರೆ ಮಾಡಿ, ಅದರಲ್ಲಿ 10-ಮಾನಿಟರ್ ಅಂತ ಒಂದು ಚಿಕ್ಕ ಕಾನ್ಫ್ ಫೈಲ್. ಕಂಡಿಯ ಹೆಸರು, ಬೇಕಾದ ಮೋಡ್, ಪ್ರಿಫರ್ಡ್‌ಮೋಡ್, ಎರಡು ಮಾನಿಟರ್ ಇದ್ದರೆ ಯಾವುದು ಎಡಕ್ಕೆ ಯಾವುದು ಬಲಕ್ಕೆ. ಸರಿಯಾದ ಕೇಬಲ್ ಸಿಗಲೇ ಇಲ್ಲ ಅಂದರೂ ಇದೇ ದಾರಿ. ಸಿವಿಟಿ ಅನ್ನುವ ಕಮಾಂಡ್‌ಗೆ 1920 1080 ಕೊಟ್ಟರೆ ಆ ಅಳತೆಯ ವಿವರವಿರುವ ಮೋಡ್‌ಲೈನ್ ಅನ್ನುವ ಸಾಲನ್ನು ಕೊಡುತ್ತದೆ. ಅದನ್ನು ಅಲ್ಲಿ ಅಂಟಿಸಿ. ಇಡಿಐಡಿ ಇಲ್ಲದಾಗ ಎಕ್ಸ್ ತುಂಬಾ ಹೆದರುಪುಕ್ಕಲು. ಹಾಗಾಗಿ ಮಾನಿಟರಿನ ಮ್ಯಾನುಯಲ್‌ನಲ್ಲಿರುವ ಹಾರಿಜಾಂಟಲ್ ಸಿಂಕ್, ವರ್ಟಿಕಲ್ ರಿಫ್ರೆಶ್ ಅಂಕಿಗಳನ್ನೂ ಬರೆಯಿರಿ. ಅಂದಾಜಿನಲ್ಲಿ ಹಾಕಬೇಡಿ. ಸ್ಕ್ರಿಪ್ಟೇ ಬೇಕು ಅನ್ನುವ ಹಟ ಇದ್ದರೆ ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂನ ಡಿಸ್‌ಪ್ಲೇ-ಸೆಟಪ್-ಸ್ಕ್ರಿಪ್ಟ್ ಇದೆ, ಅಲ್ಲಿ ಹಾಕಿ. ಲಾಗಿನ್‌ಗೂ ಮೊದಲೇ ಓಡುತ್ತದೆ.

ಉಬುಂಟು ಇದ್ದವರಿಗೆ ಈ ಮಾತು ಹಾಗೇ ಅನ್ವಯಿಸುವುದಿಲ್ಲ. 21.04 ಆವೃತ್ತಿಯಿಂದ ಅಲ್ಲಿ ಸಾಮಾನ್ಯವಾಗಿ ಎಕ್ಸ್ ಬದಲು ವೇಲ್ಯಾಂಡ್. ವೇಲ್ಯಾಂಡ್‌ನಲ್ಲಿ ಎಕ್ಸ್‌ರ್ಯಾಂಡರ್‌ನಿಂದ ನಿಜವಾದ ಸ್ಕ್ರೀನ್ ಬದಲಾಗುವುದಿಲ್ಲ. ಆದರೂ ಆ ಸ್ಕ್ರಿಪ್ಟ್ ಹಂಚುತ್ತಲೇ ಇದ್ದಾರೆ. ಗ್ನೋಮ್‌ನಲ್ಲಿ ಸರಿ ಮಾಡಿಟ್ಟ ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್ ಅನ್ನು ಇಟಿಸಿಯ ಎಕ್ಸ್‌ಡಿಜಿ ಫೋಲ್ಡರ್‌ಗೆ ಕಾಪಿ ಮಾಡಿದರೆ ಹೊಸ ಆವೃತ್ತಿಗಳು ಎಲ್ಲ ಯೂಸರ್‌ಗೂ ಅದನ್ನು ಓದುತ್ತವೆ.

ಎನ್ವಿಡಿಯಾ ಕಾರ್ಡ್‌ದು ಬೇರೆ ಪುರಾಣ. ಅದರ ಸೆಟ್ಟಿಂಗ್ ಕಿಟಕಿಯಲ್ಲಿ "ಎಕ್ಸ್ ಕಾನ್ಫಿಗರೇಶನ್ ಫೈಲ್‌ಗೆ ಉಳಿಸು" ಅನ್ನುವ ಬಟನ್ ಇದೆ, ಅದನ್ನು ಅಡ್ಮಿನ್ ಆಗಿ ಒತ್ತಬೇಕು.

ಲಿನಕ್ಸ್ ಕಡೆಯ ತಪ್ಪು ಇಲ್ಲವೇ ಇಲ್ಲ ಅಂತ ನಾನು ವಕಾಲತ್ತು ಹಾಕುವುದಿಲ್ಲ. ಇನ್ನೊಂದು ಮಷೀನ್‌ನಲ್ಲಿ ಯಾರೋ ಸುಡೋ ಹಾಕಿ, ಅಂದರೆ ಅಡ್ಮಿನ್ ಅಧಿಕಾರದಲ್ಲಿ, ಸೆಟ್ಟಿಂಗ್ ನೆನಪಿಡುವ ಆ ಫೈಲ್ ಕಾಪಿ ಮಾಡಿದ್ದರು. ಫೈಲ್ ರೂಟ್ ಅನ್ನುವ ಅಡ್ಮಿನ್‌ನದಾಯಿತು. ಬಳಸುವವರು ಓದಬಹುದು, ಬರೆಯಲಾಗದು. ಎಷ್ಟೇ ಸಲ ಬದಲಾಯಿಸಿದರೂ ಹಳೇ ಸೆಟ್ಟಿಂಗೇ ವಾಪಸ್. ಒಡೆತನ ಬದಲಿಸುವ ಚೌನ್ ಕಮಾಂಡ್ ಒಂದು ಸಾಲಿನ ಕೆಲಸ, ಅದಿರಲಿ. ಬರೆಯಲು ಆಗದಿದ್ದಾಗ ಡೆಸ್ಕ್‌ಟಾಪ್ ಒಂದು ಮಾತು ಹೇಳಬಾರದಿತ್ತಾ? "ಉಳಿಸಲು ಆಗಲಿಲ್ಲ" ಅಂತ ಒಂದು ಡಬ್ಬಿ ತೋರಿಸಿದ್ದರೆ ಅರ್ಧ ತಲೆನೋವು ತಪ್ಪುತ್ತಿತ್ತು. ಗುರುತು ಸಿಗದಿದ್ದಾಗಲೂ ಅಷ್ಟೇ. "ಈ ಮಾನಿಟರ್ ತನ್ನ ವಿವರ ಕೊಡುತ್ತಿಲ್ಲ, ಕೇಬಲ್ ನೋಡಿ" ಅಂತ ಒಂದು ಸಾಲು ಸಾಕು. ಅದು ಲಾಗ್ ಫೈಲ್ ಹುಡುಕಿದರೆ ಸಿಗಬಹುದು. ಆದರೆ ಪಿಎಸ್‌ಐ ಪರೀಕ್ಷೆಗೆ ಓದುವವರು ಲಾಗ್ ಯಾಕೆ ಓದಬೇಕು ಹೇಳಿ?

ಲ್ಯಾಪ್‌ಟಾಪ್‌ನವರಿಗೆ ನನ್ನ ವಾದ ತಿರುಗಿಸಿ ಹಾಕಬೇಕು. ಬೆಳಗ್ಗೆ ಹುಬ್ಬಳ್ಳಿ ಆಫೀಸಿನ ಮಾನಿಟರ್, ಮಧ್ಯಾಹ್ನ ಕಾಲೇಜಿನ ಪ್ರೊಜೆಕ್ಟರ್, ರಾತ್ರಿ ಮನೆ ಟಿವಿ ಅನ್ನುವವರು ಇಟಿಸಿಯಲ್ಲಿ ಒಂದೇ ಅಳತೆ ಗಟ್ಟಿ ಮಾಡಿಟ್ಟರೆ ಒದ್ದಾಡುತ್ತಾರೆ. ಅವರಿಗೆ ಹೋಮ್ ಫೋಲ್ಡರ್‌ನ ನೆನಪೇ ಸರಿ. ಎಕ್ಸ್ ಬಳಸುವವರು ಆಟೋರ್ಯಾಂಡರ್ ನೋಡಿ. ಇಡಿಐಡಿ ನೋಡಿ ಆಯಾ ಜಾಗದ ಜೋಡಣೆ ತಾನೇ ಹಾಕುತ್ತದೆ.

ಕಮೆಂಟ್‌ನಲ್ಲಿ ಕೇಳುವವರು ಬರೀ "ನಂದೂ ಹಂಗೇ ಆಗೈತ್ರಿ" ಅಂತ ಬರೆದರೆ ನಾನೇನೂ ಹೇಳಲಾರೆ. ಯಾವ ಡಿಸ್ಟ್ರೋ (ಮಿಂಟೋ ಉಬುಂಟುವೋ), ಎಕ್ಸ್ ಇದೆಯೋ ವೇಲ್ಯಾಂಡೋ, ಗೆಸ್ಟ್‌ನಲ್ಲಿದ್ದೀರಾ ಸ್ವಂತ ಅಕೌಂಟ್‌ನಲ್ಲಿದ್ದೀರಾ, ಇಡಿಐಡಿ ಬೈಟ್ ಎಷ್ಟು ಬಂತು, ಇಷ್ಟು ಬರೆಯಿರಿ. ವಿಜಿಎ ಆದರೆ ಕೇಬಲ್ ತುದಿಯ ಫೋಟೋ ಕೂಡ ಹಾಕಿ, ಎರಡೂ ಕಡೆಯದು.